‘ಗ್ರಿಂಗೋ’ ಅಂದರೆ ‘ಗ್ರೀನ್, ಗೋ’ ಅಂತಲೇ? ಸ್ಪ್ಯಾನಿಶ್ ಆಡುಮಾತಿನ ಪದಗಳ ಅಸಲಿ ಅರ್ಥ ತಿಳಿಯಿರಿ

‘ಮನಿ ಹೈಸ್ಟ್’ ಸೀರೀಸ್, ಮೆಸ್ಸಿಯ ಸಂದರ್ಶನಗಳು, 2017ರಲ್ಲಿ ಲೋಕವನ್ನೇ ಕುಣಿಸಿದ ‘ದೆಸ್ಪಾಸೀತೋ’ ಹಾಡು. ಇವುಗಳಿಂದಾಗಿ ಸ್ಪ್ಯಾನಿಶ್ ಭಾಷೆ ಇಂದು ನಮ್ಮ ಮೊಬೈಲ್‌ಗಳಲ್ಲೂ ಕೇಳಿಬರುತ್ತಿದೆ. ಅದರ ಬೆನ್ನಿಗೇ “ಈ 20 ಪದ ಕಲಿತರೆ ಸ್ಪ್ಯಾನಿಶ್ ಬಂದಂತೆ”, “ಗ್ರಿಂಗೋ ಪದ ಹುಟ್ಟಿದ್ದು ಹೀಗೆ”, “ಈ ಕಾರು ಮಾರಾಟವಾಗದೇ ಉಳಿದಿದ್ದು ಅದರ ಹೆಸರಿನಿಂದ” ಎಂಬಂಥ ಫಾರ್ವರ್ಡ್‌ಗಳೂ ಬರುತ್ತವೆ.

ಇವುಗಳಲ್ಲಿ ಕೆಲವು ನಿಜ, ಕೆಲವು ಬರೀ ಕಟ್ಟುಕಥೆ. ಇನ್ನು ಕೆಲವು ಒಂದು ದೇಶದಲ್ಲಿ ನಿಜ, ಪಕ್ಕದ ದೇಶದಲ್ಲಿ ಸುಳ್ಳು. ಈ ಮೂರನೇ ಬಗೆಯದ್ದೇ ಹೆಚ್ಚು ಅಪಾಯಕಾರಿ. ಆಡುಮಾತಿನ ಒಂದೇ ಒಂದು ಪದದಿಂದ ಇಬ್ಬರು ವಿಶ್ವವಿಖ್ಯಾತ ಫುಟ್‌ಬಾಲ್ ಆಟಗಾರರು ನಿಷೇಧಕ್ಕೆ ಒಳಗಾಗಿದ್ದಾರೆ. ಆ ವಿಷಯಕ್ಕೆ ಮುಂದೆ ಬರೋಣ.

ಚುಟುಕಾಗಿ ಹೇಳುವುದಾದರೆ

- ‘ಗ್ರಿಂಗೋ’ ಪದ ‘ಗ್ರೀನ್, ಗೋ’ ಎಂಬ ಕೂಗಿನಿಂದ ಹುಟ್ಟಿತು ಎಂಬುದು ಸುಳ್ಳು.
- ಷೆವ್ರೊಲೆ ‘ನೋವಾ’ ಕಾರು ಹೆಸರಿನ ಕಾರಣಕ್ಕೆ ಸೋತಿತು ಎಂಬುದೂ ಸುಳ್ಳು.
- ‘ಪಜೇರೋ’ ಹೆಸರು ಸ್ಪ್ಯಾನಿಶ್‌ನಲ್ಲಿ ಅಶ್ಲೀಲ ಎಂಬುದು ನಿಜ.
- ಸ್ಪೇನ್‌ನ ಕೆಲವು ಆಡುಪದಗಳ ಬೇರು ಭಾರತದಲ್ಲಿದೆ ಎಂಬುದೂ ನಿಜ.
- “ಸ್ಪ್ಯಾನಿಶ್‌ನಲ್ಲಿ ಹೀಗೆ ಹೇಳುತ್ತಾರೆ” ಎಂಬ ಮಾತೇ ಅರ್ಧ ಸತ್ಯ. ಯಾವ ದೇಶದಲ್ಲಿ ಎಂದು ಕೇಳಲೇಬೇಕು.

ಭಾಷೆ ಒಂದೇ, ಮಾತು ಬೇರೆ ಬೇರೆ

ಸ್ಪ್ಯಾನಿಶ್ 20 ದೇಶಗಳಲ್ಲಿ ಅಧಿಕೃತ ಭಾಷೆ. ಅಮೆರಿಕದ ಆಡಳಿತದಲ್ಲಿರುವ ಪೋರ್ಟೊ ರಿಕೊ ದ್ವೀಪ ಇದಕ್ಕೆ ಹೊರತಾಗಿ. ಸ್ಪ್ಯಾನಿಶ್ ಮಾತನಾಡುವವರು ಅತಿ ಹೆಚ್ಚು ಇರುವುದು ಸ್ಪೇನ್‌ನಲ್ಲಲ್ಲ, ಮೆಕ್ಸಿಕೊದಲ್ಲಿ.

ಪತ್ರಿಕೆ, ಪಠ್ಯಪುಸ್ತಕ, ಟಿವಿ ವಾರ್ತೆಯ ಸ್ಪ್ಯಾನಿಶ್ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಬೀದಿಯಲ್ಲಿ, ಅಡುಗೆಮನೆಯಲ್ಲಿ, ಬಸ್ ಸ್ಟಾಪಿನಲ್ಲಿ, ಗೆಳೆಯರ ನಡುವೆ. ಇದಕ್ಕೆ ಕಾರಣ ಮುಖ್ಯವಾಗಿ ಎರಡು. ಮೊದಲನೆಯದು, ಸ್ಪ್ಯಾನಿಶರು ಬರುವ ಮುಂಚೆಯೇ ಅಲ್ಲಿದ್ದ ಭಾಷೆಗಳು: ಮೆಕ್ಸಿಕೊದಲ್ಲಿ ನಾವಾತ್ಲ್, ಪೆರು-ಬೊಲಿವಿಯಾ-ಈಕ್ವೆಡಾರ್ ಕಡೆ ಕೆಚುವಾ, ಚಿಲಿಯಲ್ಲಿ ಮಾಪುಚೆ ಜನರ ಭಾಷೆ. ಎರಡನೆಯದು, ಆಮೇಲೆ ವಲಸೆ ಬಂದವರು: ಅರ್ಜೆಂಟೀನಾಕ್ಕೆ ಇಟಲಿಯವರು, ಕ್ಯೂಬಾ ಮತ್ತು ಸುತ್ತಲ ದ್ವೀಪಗಳಿಗೆ ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರು. ಪ್ರತಿ ಊರಿನ ಆಡುಮಾತಿನಲ್ಲೂ ಆ ಊರಿನ ಚರಿತ್ರೆ ಕೂತಿದೆ.

ಸ್ಪ್ಯಾನಿಶ್ ಭಾಷೆಗೆ 1713ರಲ್ಲಿ ಸ್ಥಾಪನೆಯಾದ ರಾಯಲ್ ಸ್ಪ್ಯಾನಿಶ್ ಅಕಾಡೆಮಿ ಎಂಬ ಸಂಸ್ಥೆಯಿದೆ. ಅದೂ ಸೇರಿದಂತೆ ವಿವಿಧ ದೇಶಗಳ ಭಾಷಾ ಅಕಾಡೆಮಿಗಳು ಒಟ್ಟಾಗಿ 2010ರಲ್ಲಿ ಅಮೆರಿಕ ಖಂಡದ ಸ್ಪ್ಯಾನಿಶ್ ಪದಗಳಿಗೆಂದೇ ಪ್ರತ್ಯೇಕ ನಿಘಂಟು ತಂದವು. ಅದರಲ್ಲಿ ಸುಮಾರು 70 ಸಾವಿರ ಪದ, ನುಡಿಗಟ್ಟುಗಳಿವೆ. 20 ಪದಗಳ ಫಾರ್ವರ್ಡ್ ನೋಡಿ ಸ್ಪ್ಯಾನಿಶ್ ಬಂತು ಎಂದುಕೊಳ್ಳುವವರು ಈ ಅಂಕಿ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಫಾರ್ವರ್ಡ್ 1: ‘ಗ್ರೀನ್, ಗೋ’ ಕಥೆ

*ಏನು ಹೇಳುತ್ತಾರೆ:* 1846ರಿಂದ 1848ರವರೆಗೆ ಅಮೆರಿಕ ಮತ್ತು ಮೆಕ್ಸಿಕೊ ನಡುವೆ ಯುದ್ಧ ನಡೆಯಿತು. ಅಮೆರಿಕದ ಸೈನಿಕರು ಹಸಿರು ಸಮವಸ್ತ್ರ ಹಾಕಿದ್ದರು. ಅವರನ್ನು ಕಂಡ ಮೆಕ್ಸಿಕನ್ನರು “ಗ್ರೀನ್, ಗೋ” (ಹಸಿರಿನವರೇ, ತೊಲಗಿ) ಎಂದು ಕೂಗಿದರು. ಅದೇ ‘ಗ್ರಿಂಗೋ’ ಆಯಿತು.

*ನಿಜ ಏನು:* ಈ ಪದ ಯುದ್ಧಕ್ಕಿಂತ ಹಳೆಯದು. ಎಸ್ತೆಬಾನ್ ದೆ ತೆರ್ರೇರೋಸ್ ಎಂಬ ಸ್ಪೇನ್‌ನ ಪಾದ್ರಿಯೊಬ್ಬರ ನಿಘಂಟಿನಲ್ಲಿ ಇದು ಆಗಲೇ ಇದೆ. ಆ ಸಂಪುಟ ಅಚ್ಚಾದದ್ದು 1787ರಲ್ಲಿ, ಅಂದರೆ ಯುದ್ಧಕ್ಕೆ ಸುಮಾರು 60 ವರ್ಷ ಮೊದಲು. ಸ್ಪ್ಯಾನಿಶ್ ಅನ್ನು ಸರಾಗವಾಗಿ ಆಡಲು ಬಾರದ, ಉಚ್ಚಾರಣೆಯಲ್ಲೇ ಸಿಕ್ಕಿಬೀಳುವ ವಿದೇಶಿಯರನ್ನು ಮಲಾಗಾ ಊರಿನಲ್ಲಿ ಹೀಗೆ ಕರೆಯುತ್ತಾರೆ, ಮ್ಯಾಡ್ರಿಡ್‌ನಲ್ಲಿ ಮುಖ್ಯವಾಗಿ ಐರ್ಲೆಂಡಿನವರನ್ನು ಹೀಗೆನ್ನುತ್ತಾರೆ ಎಂಬ ವಿವರಣೆ ಅಲ್ಲಿದೆ. ಸಾಲದ್ದಕ್ಕೆ ಆ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ಸಮವಸ್ತ್ರದ ಬಣ್ಣ ನೀಲಿ.

ಹಾಗಾದರೆ ಮೂಲ ಯಾವುದು? ಹೆಚ್ಚಿನ ಭಾಷಾತಜ್ಞರು ಒಪ್ಪುವುದು ‘ಗ್ರಿಯೇಗೋ’ ಅಂದರೆ ಗ್ರೀಕ್ ಎಂಬ ಪದವನ್ನು. ಅರ್ಥವಾಗದ ಮಾತನ್ನು ‘ಗ್ರೀಕ್‌ನಲ್ಲಿ ಮಾತಾಡಿದ’ ಎನ್ನುವ ರೂಢಿ ಸ್ಪ್ಯಾನಿಶ್‌ನಲ್ಲಿತ್ತು. ಅದೇ ಸವೆದು ‘ಗ್ರಿಂಗೋ’ ಆಗಿರಬೇಕು.

ಇಂದು ಮೆಕ್ಸಿಕೊದಲ್ಲಿ ಗ್ರಿಂಗೋ ಎಂದರೆ ಅಮೆರಿಕದವರು. ಅರ್ಜೆಂಟೀನಾದಲ್ಲಿ ಒಂದು ಕಾಲಕ್ಕೆ ಇಟಲಿಯ ವಲಸಿಗರನ್ನೇ ಹೀಗೆ ಕರೆದರು. ಅದು ಬೈಗುಳವೋ ಸಲುಗೆಯೋ ಎಂಬುದು ಹೇಳುವವರ ದನಿಯ ಮೇಲೆ ನಿಂತಿದೆ.

ಫಾರ್ವರ್ಡ್ 2: ‘ನೋವಾ’ ಮತ್ತು ‘ಪಜೇರೋ’

*ಏನು ಹೇಳುತ್ತಾರೆ:* ಸ್ಪ್ಯಾನಿಶ್‌ನಲ್ಲಿ ‘ನೋ ಬಾ’ ಎಂದರೆ ‘ಹೋಗುವುದಿಲ್ಲ’. ಆದ್ದರಿಂದ ಷೆವ್ರೊಲೆ ಕಂಪನಿಯ ‘ನೋವಾ’ ಕಾರನ್ನು ಲ್ಯಾಟಿನ್ ಅಮೆರಿಕದಲ್ಲಿ ಯಾರೂ ಕೊಳ್ಳಲಿಲ್ಲ. ಮಾರ್ಕೆಟಿಂಗ್ ತರಗತಿಗಳಲ್ಲೂ ಈ ಕಥೆ ಓಡಾಡುತ್ತದೆ.

*ನಿಜ ಏನು:* ಕಾರು ಮೆಕ್ಸಿಕೊ, ವೆನೆಜುವೆಲಾಗಳಲ್ಲಿ ಚೆನ್ನಾಗಿಯೇ ಮಾರಾಟವಾಯಿತು. ‘ನೋವಾ’ ಒಂದೇ ಪದ. ಒತ್ತು ಮೊದಲ ಅಕ್ಷರದ ಮೇಲೆ, ಅರ್ಥ ಹೊಸ ನಕ್ಷತ್ರ. ‘ನೋ ಬಾ’ ಎರಡು ಪದ, ಒತ್ತು ಎರಡನೆಯದರ ಮೇಲೆ. ಸ್ಪ್ಯಾನಿಶ್ ಆಡುವವರು ಇವೆರಡನ್ನು ಗೊಂದಲ ಮಾಡಿಕೊಳ್ಳುವುದಿಲ್ಲ. ಮೆಕ್ಸಿಕೊದ ಸರ್ಕಾರಿ ತೈಲ ಕಂಪನಿ ಪೆಮೆಕ್ಸ್ ‘ನೋವಾ’ ಹೆಸರಿನಲ್ಲೇ ಪೆಟ್ರೋಲ್ ಮಾರುತ್ತಿತ್ತು ಎಂದ ಮೇಲೆ ಹೇಳುವುದೇನು!

ಆದರೆ ಇದೇ ಬಗೆಯ ಇನ್ನೊಂದು ಕಥೆ ನಿಜ. ಮಿತ್ಸುಬಿಷಿಯ ‘ಪಜೇರೋ’ ಗಾಡಿ ನಮ್ಮ ರಸ್ತೆಗಳಲ್ಲಿ ಅದೇ ಹೆಸರಿನಿಂದ ಓಡಾಡಿತು. ಸ್ಪ್ಯಾನಿಶ್ ನಾಡುಗಳಲ್ಲಿ ಮಾತ್ರ ಅದರ ಹೆಸರು ‘ಮೊಂತೇರೋ’. ಏಕೆಂದರೆ ಆ ಅಕ್ಷರಗಳನ್ನು ಸ್ಪ್ಯಾನಿಶ್ ರೀತಿಯಲ್ಲಿ ಓದಿದರೆ ‘ಪಹೇರೋ’ ಆಗುತ್ತದೆ. ಅದು ಹಸ್ತಮೈಥುನ ಮಾಡುವವನಿಗೆ ಹೇಳುವ ಒರಟು ಪದ. ಒಂದೇ ಅಚ್ಚಿನ ಎರಡು ಕಥೆಗಳಲ್ಲಿ ಒಂದು ಸುಳ್ಳು, ಒಂದು ನಿಜ. ‘ಕೇಳಲು ಸರಿಯಾಗಿದೆ’ ಎಂಬುದು ಪುರಾವೆಯಲ್ಲ.

ಮೆಕ್ಸಿಕೊ: ಎತ್ತು, ಅಪ್ಪ, ಅಮ್ಮ, ಸ್ಟ್ರಾಬೆರಿ

*ವೇಯ್:* ಮೆಕ್ಸಿಕೊದ ಯುವಕರ ಮಾತಿನಲ್ಲಿ ಎರಡು ವಾಕ್ಯಕ್ಕೊಮ್ಮೆ ಬರುವ ಪದ. ಮೂಲ ‘ಬುವೇಯ್’ ಅಂದರೆ ಎತ್ತು. ಮೊದಲು ಪೆದ್ದ ಎಂಬ ಬೈಗುಳವಾಗಿತ್ತು, ಈಗ ನಮ್ಮ ಹುಡುಗರ ‘ಮಗಾ’, ‘ಗುರು’ ಇದ್ದ ಹಾಗೆ. ಗೆಳೆಯರ ನಡುವೆ ಸರಿ. ಗೆಳೆಯನ ತಂದೆಗೆ ಹೇಳಿದರೆ ಮರ್ಯಾದೆ ಹೋಗುತ್ತದೆ.

*ಪಾದ್ರೆ ಮತ್ತು ಮಾದ್ರೆ:* ಅರ್ಥ ಅಪ್ಪ ಮತ್ತು ಅಮ್ಮ. ‘ಕೆ ಪಾದ್ರೆ’ ಎಂದರೆ ‘ಎಷ್ಟು ಚೆನ್ನಾಗಿದೆ!’. ಅಮ್ಮನ ಪದ ಮಾತ್ರ ಅಷ್ಟು ಸರಳವಲ್ಲ. ‘ಅ ತೋದಾ ಮಾದ್ರೆ’ ಎಂದರೆ ಅದ್ಭುತ, ‘ಮೆ ಬಾಲೆ ಮಾದ್ರೆ’ ಎಂದರೆ ‘ನನಗೇನೂ ಲೆಕ್ಕವಿಲ್ಲ’. ಎರಡೂ ಒರಟು ಮಾತುಗಳೇ.

*ನೋ ಮಾಂಚೆಸ್:* ಅನುವಾದದ ಆ್ಯಪ್‌ಗೆ ಕೊಟ್ಟರೆ ‘ಕಲೆ ಮಾಡಬೇಡ’ ಎಂದು ಬರಬಹುದು. ಅಸಲಿ ಅರ್ಥ ‘ಸುಮ್ನಿರಪ್ಪ, ನಿಜಾನಾ!’. ಇದು ಇನ್ನೊಂದು ಅಶ್ಲೀಲ ಮಾತಿನ ಸಭ್ಯ ರೂಪ; ಮನೆಯಲ್ಲಿ ಹಿರಿಯರ ಮುಂದೆ ಹೇಳಲೆಂದು ಮಾಡಿಕೊಂಡದ್ದು.

*ಫ್ರೇಸಾ:* ಸ್ಟ್ರಾಬೆರಿ. ಆಡುಮಾತಿನಲ್ಲಿ ಶ್ರೀಮಂತರ ಮನೆಯ, ಸ್ಟೈಲಾಗಿ ಮಾತಾಡುವ ಹುಡುಗ ಹುಡುಗಿಯರು.

*ಲಾನಾ:* ಉಣ್ಣೆ. ಆಡುಮಾತಿನಲ್ಲಿ ದುಡ್ಡು. *ನೇತಾ:* ನಮ್ಮ ಕಿವಿಗೆ ರಾಜಕಾರಣಿಯಂತೆ ಕೇಳಿಸಿದರೂ ಅಲ್ಲಿ ಅದರ ಅರ್ಥ ‘ಸತ್ಯ’. *ಕ್ವಾತೆ:* ಆಪ್ತ ಗೆಳೆಯ. ನಾವಾತ್ಲ್ ಭಾಷೆಯಲ್ಲಿ ಅವಳಿ ಎಂಬ ಅರ್ಥದ ಪದದಿಂದ ಬಂದದ್ದು. *ಆಗ್ವಾಸ್:* ‘ನೀರುಗಳು’ ಎಂದಲ್ಲ, ‘ಹುಷಾರು!’ ಎಂದು.

*ಅಓರೀತಾ:* ‘ಈಗ’ ಎಂಬ ಪದದ ಮುದ್ದಿನ ರೂಪ. ಪದರಚನೆ ನೋಡಿದರೆ ‘ಇದೀಗಲೇ’ ಎನ್ನಿಸುತ್ತದೆ. ಮೆಕ್ಸಿಕೊದಲ್ಲಿ ಇದು ಈ ಕ್ಷಣವೂ ಆಗಬಹುದು, ಒಂದು ಗಂಟೆ ಬಿಟ್ಟೂ ಆಗಬಹುದು, ಎಂದೂ ಆಗದೆಯೂ ಇರಬಹುದು. ಪೋರ್ಟೊ ರಿಕೊದಲ್ಲಂತೂ ಇದರ ನೇರ ಅರ್ಥವೇ ‘ಆಮೇಲೆ’. “ಬಂದೆ ಬಂದೆ, ದಾರೀಲಿದ್ದೀನಿ” ಎಂದು ಮನೆಯಿಂದಲೇ ಹೇಳುವ ಗೆಳೆಯರಿರುವ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ಆಡುಮಾತು ಹಗುರ ವಿಷಯ ಎಂದು ಭಾವಿಸಬೇಡಿ. ನೊಬೆಲ್ ಪುರಸ್ಕೃತ ಕವಿ ಒಕ್ತಾವಿಯೋ ಪಾಸ್ 1950ರಲ್ಲಿ ಮೆಕ್ಸಿಕೊದ ಮನಸ್ಸಿನ ಬಗ್ಗೆ ಬರೆದ ‘ಏಕಾಂತದ ಚಕ್ರವ್ಯೂಹ’ ಎಂಬ ಅರ್ಥದ ಶೀರ್ಷಿಕೆಯ ಪುಸ್ತಕದಲ್ಲಿ, ಅಲ್ಲಿನ ಅತಿ ಪ್ರಸಿದ್ಧ ಬೈಗುಳವೊಂದನ್ನು ಹಿಡಿದು ದೀರ್ಘ ಚರ್ಚೆ ಮಾಡುತ್ತಾರೆ. ಸೋತವರ, ದಾಳಿಗೊಳಗಾದವರ ನೋವು ಆ ಬೈಗುಳದಲ್ಲಿ ಅಡಗಿದೆ ಎಂಬುದು ಅವರ ವಾದ. ಇದೇ ಪಾಸ್ 1962ರಿಂದ 1968ರವರೆಗೆ ಭಾರತದಲ್ಲಿ ಮೆಕ್ಸಿಕೊದ ರಾಯಭಾರಿಯಾಗಿದ್ದರು.

ಅರ್ಜೆಂಟೀನಾ: ಮೆಸ್ಸಿ ಬೈದದ್ದು ಏನು?

2022ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ನೆದರ್ಲೆಂಡ್ಸ್ ತಂಡವನ್ನು ಸೋಲಿಸಿದ ಮೇಲೆ ಮೆಸ್ಸಿ ಸಂದರ್ಶನ ಕೊಡುತ್ತಿದ್ದರು. ನಡುವೆ ಎದುರಾಳಿ ಆಟಗಾರನೊಬ್ಬನತ್ತ ತಿರುಗಿ “ಕೆ ಮಿರಾಸ್, ಬೋಬೋ?” ಎಂದರು. ಅರ್ಥ: “ಏನೋ ನೋಡ್ತಿದ್ದೀಯ, ಪೆದ್ದ?”. ಆಮೇಲೆ ಆ ಮಾತು ಟೀ ಶರ್ಟ್, ಕಾಫಿ ಮಗ್‌ಗಳ ಮೇಲೂ ಅಚ್ಚಾಯಿತು.

ಇಲ್ಲಿ ಗಮನಿಸಬೇಕಾದದ್ದು ಬೈಗುಳವನ್ನಲ್ಲ, ಕ್ರಿಯಾಪದವನ್ನು. ಸ್ಪೇನ್ ಅಥವಾ ಮೆಕ್ಸಿಕೊದವರಾಗಿದ್ದರೆ ಒತ್ತು ‘ಮಿ’ ಮೇಲೆ ಬಂದು ‘ಮೀರಾಸ್’ ಆಗುತ್ತಿತ್ತು. ಮೆಸ್ಸಿ ಒತ್ತನ್ನು ‘ರಾ’ ಮೇಲೆ ಹಾಕಿದರು. ಏಕೆಂದರೆ ಅರ್ಜೆಂಟೀನಾದಲ್ಲಿ ‘ನೀನು’ ಎನ್ನಲು ‘ತು’ ಬದಲು ‘ವೋಸ್’ ಬಳಸುತ್ತಾರೆ, ಕ್ರಿಯಾಪದವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಉರುಗ್ವೆ, ಪರಾಗ್ವೆ, ಮಧ್ಯ ಅಮೆರಿಕದ ಹಲವು ಕಡೆಯೂ ಇದೇ ರೂಢಿ. ನಮ್ಮ ‘ನೀವು’ ಇದ್ದ ಹಾಗೆ ಗೌರವಕ್ಕೆ ‘ಉಸ್ತೇದ್’ ಇದೆ. ಆದರೆ ಕೊಲಂಬಿಯಾದ ಬೊಗೊಟಾ ಕಡೆ ಗಂಡ ಹೆಂಡತಿ, ಆಪ್ತ ಗೆಳೆಯರೂ ‘ಉಸ್ತೇದ್’ ಎಂದೇ ಮಾತಾಡಿಕೊಳ್ಳುವುದುಂಟು. ಅದು ಮುನಿಸಲ್ಲ, ಅಲ್ಲಿನ ರೀತಿ.

*ಚೆ:* ‘ಏಯ್’, ‘ಲೋ’, ‘ಮಾರಾಯ’ ಇದ್ದ ಹಾಗೆ ಕರೆಯುವ ಪದ. ಅರ್ಜೆಂಟೀನಾದಲ್ಲಿ ಹುಟ್ಟಿದ ಎರ್ನೆಸ್ತೋ ಗೆವಾರ ಮಾತುಮಾತಿಗೆ ‘ಚೆ’ ಎನ್ನುತ್ತಿದ್ದುದರಿಂದ ಕ್ಯೂಬಾದ ಸಂಗಾತಿಗಳು ಅವರಿಗೆ ಅದೇ ಅಡ್ಡಹೆಸರಿಟ್ಟರು. ಅವರು ಕ್ಯೂಬಾದ ರಾಷ್ಟ್ರೀಯ ಬ್ಯಾಂಕಿನ ಅಧ್ಯಕ್ಷರಾಗಿದ್ದಾಗ ನೋಟುಗಳ ಮೇಲೆ ‘ಚೆ’ ಎಂದೇ ಸಹಿ ಹಾಕಿದರು.

*ಲುನ್‌ಫಾರ್ದೋ:* 19ನೇ ಶತಮಾನದ ಕೊನೆಯಲ್ಲಿ ಇಟಲಿಯಿಂದ ಲಕ್ಷಾಂತರ ಜನ ಬ್ಯೂನಸ್ ಐರಿಸ್ ಕಡೆಗೆ ಬಂದರು. ಅವರ ವಠಾರಗಳಲ್ಲಿ, ಬಂದರುಕಟ್ಟೆಯಲ್ಲಿ ಬೆಳೆದ ಬೀದಿಭಾಷೆಯೇ ಇದು. ‘ಲಬೂರೋ’ ಅಂದರೆ ಕೆಲಸ, ಇಟಲಿಯ ‘ಲವೋರೋ’ದಿಂದ ಬಂದದ್ದು. ‘ಫಿಯಾಕಾ’ ಅಂದರೆ ಸೋಮಾರಿತನ. ‘ಪೀಬೆ’ ಅಂದರೆ ಹುಡುಗ. ಮರಡೋನಾ ಅವರ ‘ಎಲ್ ಪೀಬೆ ದೆ ಓರೋ’ ಎಂಬ ಬಿರುದಿಗೆ ಅರ್ಥ ‘ಚಿನ್ನದ ಹುಡುಗ’. ಇದರಲ್ಲಿ ಇನ್ನೊಂದು ಆಟವೂ ಇದೆ: ಪದವನ್ನು ತಿರುಗಿಸಿ ಹೇಳುವುದು. ‘ತಾಂಗೋ’ ‘ಗೋತಾನ್’ ಆಗುತ್ತದೆ, ‘ಕಫೇ’ ‘ಫೇಕಾ’ ಆಗುತ್ತದೆ. ಕಳ್ಳಕಾಕರ ಭಾಷೆ ಎಂದು ಒಂದು ಕಾಲಕ್ಕೆ ಮೂಗು ಮುರಿದ ಇದರ ಅಧ್ಯಯನಕ್ಕೆಂದೇ 1962ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅಕಾಡೆಮಿ ಸ್ಥಾಪನೆಯಾಯಿತು.

ಚಿಲಿ, ಕೊಲಂಬಿಯಾ: ‘ಪೋ’ ಮತ್ತು ಪಪ್ಪಾಯಿ

ಚಿಲಿಯವರು ಮಾತಿನ ಕೊನೆಗೆ ‘ಪೋ’ ಸೇರಿಸುತ್ತಾರೆ. ‘ಸಿ ಪೋ’ ಅಂದರೆ ‘ಹೌದಪ್ಪ’. ‘ಕಚಾಯ್?’ ಅಂದರೆ ‘ಗೊತ್ತಾಯ್ತಾ?’, ಇದು ಇಂಗ್ಲಿಷಿನ ‘ಕ್ಯಾಚ್’ ಪದದಿಂದ ಬಂದದ್ದು. ‘ಅಲ್ ತೀರೋ’ ಅಂದರೆ ‘ಕೂಡಲೇ’. ‘ಫೋಮೆ’ ಅಂದರೆ ಬೋರು. ಹುಡುಗಿಯ ಪ್ರೇಮಿಗೆ ‘ಪೊಲೋಲೋ’ ಎನ್ನುತ್ತಾರೆ. ಅದು ಗುಂಯ್‌ಗುಡುತ್ತಾ ಹಾರಾಡುವ ಒಂದು ದುಂಬಿಯ ಹೆಸರೂ ಹೌದು.

ಕೊಲಂಬಿಯಾದಲ್ಲಿ ಗೆಳೆಯನಿಗೆ ‘ಪಾರ್ಸೆ’. ಅಲ್ಲಿ ಪ್ರವಾಸಿಗರಿಗೆ ಎಲ್ಲರೂ ಹೇಳುವ ಬುದ್ಧಿಮಾತು ‘ನೋ ದಾರ್ ಪಪಾಯಾ’. ಪದಶಃ ‘ಪಪ್ಪಾಯಿ ಕೊಡಬೇಡ’. ಅರ್ಥ: ಕಳ್ಳನಿಗೆ, ಮೋಸಗಾರನಿಗೆ ನೀನಾಗಿಯೇ ಅವಕಾಶ ಮಾಡಿಕೊಡಬೇಡ. ಜನಜಂಗುಳಿಯಲ್ಲಿ ಮೊಬೈಲನ್ನು ಹಿಂದಿನ ಜೇಬಿನಲ್ಲಿಟ್ಟು ನಡೆದರೆ ನೀವು ಪಪ್ಪಾಯಿ ಕೊಟ್ಟಂತೆ.

ಸ್ಪೇನ್: ನಮ್ಮ ‘ಚೋರ’ ಅಲ್ಲಿಗೆ ಹೋದದ್ದು ಹೇಗೆ?

‘ಮನಿ ಹೈಸ್ಟ್’ ಅನ್ನು ಮೂಲ ಭಾಷೆಯಲ್ಲಿ ನೋಡಿದವರಿಗೆ ಎರಡು ಪದ ಕಿವಿಗೆ ಬಿದ್ದಿರುತ್ತವೆ. ‘ಬಾಲೆ’ ಅಂದರೆ ‘ಆಯ್ತು’, ‘ಓಕೆ’. ಕನ್ನಡದ ಬಾಲೆಗೂ ಅದಕ್ಕೂ ಸಂಬಂಧವಿಲ್ಲ. ‘ತೀಯೋ’, ‘ತೀಯಾ’ ಅಂದರೆ ಚಿಕ್ಕಪ್ಪ ಅಥವಾ ಮಾವ, ಚಿಕ್ಕಮ್ಮ ಅಥವಾ ಅತ್ತೆ. ಆದರೆ ಯುವಕರು ತಮ್ಮ ಓರಗೆಯವರನ್ನೇ ಹೀಗೆ ಕರೆಯುತ್ತಾರೆ. ಲ್ಯಾಟಿನ್ ಅಮೆರಿಕದಲ್ಲಿ ಈ ಮಾತು ಕೇಳಿದರೆ ‘ಓ, ಸ್ಪೇನ್‌ನವರು’ ಎಂದು ತಕ್ಷಣ ಗುರುತಿಸುತ್ತಾರೆ.

ಸ್ಪೇನ್‌ನ ಆಡುಮಾತಿನಲ್ಲಿ ಭಾರತದ ನಂಟಿರುವ ಪದಗಳೂ ಇವೆ. ರೋಮಾ ಜನರ ಪೂರ್ವಜರು ಸಾವಿರ ವರ್ಷಗಳಷ್ಟು ಹಿಂದೆ ಭಾರತದಿಂದ ಹೊರಟು ಪಶ್ಚಿಮಕ್ಕೆ ಸಾಗಿದವರು. ಅವರ ಭಾಷೆ ರೋಮಾನಿ ಹಿಂದಿ, ಪಂಜಾಬಿಗಳ ಬಂಧು. ಸ್ಪೇನ್‌ನಲ್ಲಿ ಅವರ ಇರುವಿಗೆ 1425ರ ದಾಖಲೆ ಸಿಗುತ್ತದೆ. ಅಲ್ಲಿ ಅವರ ಮಾತು ಸ್ಪ್ಯಾನಿಶ್ ವ್ಯಾಕರಣದೊಂದಿಗೆ ಬೆರೆತು ‘ಕಲೋ’ ಆಯಿತು. ಅದರಿಂದ ಹಲವು ಪದಗಳು ಬೀದಿಗೆ ಬಂದವು:

- *ಚೊರೀಥೋ:* ಮಸಾಲೆ ಸಾಸೇಜ್‌ಗೂ ಇದೇ ಹೆಸರು. ಆದರೆ ಆಡುಮಾತಿನಲ್ಲಿ ಕಳ್ಳ, ಲಂಚಕೋರ ರಾಜಕಾರಣಿ. ಇದರ ಹಿಂದಿರುವುದು ಕಲೋ ಭಾಷೆಯ ‘ಚೋರಿ’. ಹಿಂದಿಯ ‘ಚೋರ್’, ನಮ್ಮ ‘ಚೋರ’ಗಳ ಬಳಗದ ಪದ.
- *ಚಬಾಲ್:* ಹುಡುಗ. ಕಲೋ ಭಾಷೆಯ ‘ಚಾವೋ’ದಿಂದ ಬಂದದ್ದು.
- *ಕುರ್ರಾರ್:* ದುಡಿಯುವುದು. ಇದೂ ಕಲೋ ಮೂಲದ್ದು.
- ಕಲೋ ಭಾಷೆಯಲ್ಲಿ ನೀರಿಗೆ *‘ಪಞೀ’* ಎನ್ನುತ್ತಾರೆ. ಸಂಸ್ಕೃತದ ‘ಪಾನೀಯ’, ಹಿಂದಿಯ ‘ಪಾನಿ’ ನೆನಪಾದರೆ ಆಶ್ಚರ್ಯವಿಲ್ಲ.

ಹೆಮ್ಮೆಯಿಂದ ಫಾರ್ವರ್ಡ್ ಮಾಡುವ ಮುನ್ನ ಇದರ ಇನ್ನೊಂದು ಮುಖವನ್ನೂ ನೋಡಿ. 1749ರಲ್ಲಿ ಸ್ಪೇನ್‌ನ ಸರ್ಕಾರ ಈ ಸಮುದಾಯದ ಸಾವಿರಾರು ಜನರನ್ನು ಒಮ್ಮೆಲೇ ಬಂಧಿಸಿ, ಗಂಡಸರನ್ನೂ ಹೆಂಗಸರನ್ನೂ ಬೇರೆ ಮಾಡಿತು. ಕಲೋ ಆಡುತ್ತಿದ್ದವರನ್ನು ದೂರವಿಟ್ಟ ಸಮಾಜವೇ ಅವರ ಮಾತನ್ನು ಮಾತ್ರ ಖುಷಿಯಿಂದ ಎತ್ತಿಕೊಂಡಿತು.

ಇನ್ನು ‘ಆಸ್ತಾ ಲಾ ವಿಸ್ತಾ, ಬೇಬಿ’? 1991ರ ‘ಟರ್ಮಿನೇಟರ್ 2’ ಚಿತ್ರದಿಂದ ಲೋಕಪ್ರಸಿದ್ಧವಾದ ಈ ಮಾತು ಸ್ಪೇನ್‌ನ ಡಬ್ಬಿಂಗ್‌ನಲ್ಲಿ ಇಲ್ಲ. ಸ್ಪ್ಯಾನಿಶ್ ಪ್ರೇಕ್ಷಕರಿಗೆ ಅದರಲ್ಲಿ ವಿಶೇಷವೇನೂ ಇಲ್ಲವಲ್ಲ! ಅಲ್ಲಿ ನಾಯಕ ಹೇಳುವುದು ‘ಸಯೊನಾರಾ, ಬೇಬಿ’. ದಿನನಿತ್ಯದ ಬೀಳ್ಕೊಡುಗೆಗೆ ‘ಆಸ್ತಾ ಲುವೇಗೋ’ ಅಥವಾ ‘ಚಾವ್’ ಸಾಕು.

ಒಂದೇ ಪದ, ಬೇರೆ ಊರು, ಬೇರೆ ಅರ್ಥ

- *ಗ್ವಾಗ್ವಾ:* ಕ್ಯೂಬಾ, ಪೋರ್ಟೊ ರಿಕೊ, ಸ್ಪೇನ್‌ನ ಕ್ಯಾನರಿ ದ್ವೀಪಗಳಲ್ಲಿ ಬಸ್ಸು. ಚಿಲಿ, ಬೊಲಿವಿಯಾ ಕಡೆ ಎಳೆಕೂಸು. ಇದು ಕೆಚುವಾ ಭಾಷೆಯ ‘ವಾವಾ’. ಕ್ಯೂಬಾದವನು ‘ಗ್ವಾಗ್ವಾ ಹತ್ತಿ ಬಂದೆ’ ಎಂದರೆ ಚಿಲಿಯವರು ಗಾಬರಿಯಾದಾರು.
- *ತೀಂತೋ:* ಸ್ಪೇನ್‌ನಲ್ಲಿ ಕೆಂಪು ವೈನ್. ಕೊಲಂಬಿಯಾದಲ್ಲಿ ಹಾಲಿಲ್ಲದ ಕಾಫಿ. ಬೆಳಿಗ್ಗೆ 8 ಗಂಟೆಗೆ ಕಚೇರಿಯಲ್ಲಿ ‘ತೀಂತೋ ಬೇಕಾ?’ ಎಂದರೆ ಬೆಚ್ಚಿಬೀಳಬೇಡಿ.
- *ತೊರ್ತೀಯಾ:* ಮೆಕ್ಸಿಕೊದಲ್ಲಿ ಜೋಳದ ತೆಳು ರೊಟ್ಟಿ. ಇಲ್ಲಿ ಜೋಳ ಎಂದರೆ ಮುಸುಕಿನ ಜೋಳ. ಸ್ಪೇನ್‌ನಲ್ಲಿ ಮೊಟ್ಟೆಯ ಆಮ್ಲೆಟ್, ಹೆಚ್ಚಾಗಿ ಆಲೂಗಡ್ಡೆ ಹಾಕಿದ್ದು.
- *ಕೊಹೇರ್:* ಸ್ಪೇನ್‌ನಲ್ಲಿ ‘ಹಿಡಿ, ತೆಗೆದುಕೊ’. ಬಸ್ ಹಿಡಿಯುವುದಕ್ಕೂ ಇದೇ ಪದ. ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ಲೈಂಗಿಕ ಕ್ರಿಯೆಯ ಒರಟು ಹೆಸರು. ಅಲ್ಲಿ ಬಸ್ಸಿಗೆ ‘ತೊಮಾರ್’ ಎನ್ನಿ.
- *ಬೀಚೋ:* ಸ್ಪೇನ್‌ನಲ್ಲಿ ಹುಳು. ಪೋರ್ಟೊ ರಿಕೊದಲ್ಲಿ ಗಂಡಸಿನ ಜನನಾಂಗಕ್ಕೆ ಹೇಳುವ ಕೊಳಕು ಪದ.

ತಿರುವುಮುರುವಾಗಿಯೂ ಇದೆ: ಸಂಗತಿ ಒಂದು, ಪದ ಹತ್ತು. ರಾತ್ರಿ ಕುಡಿದದ್ದು ಹೆಚ್ಚಾಗಿ ಮರುದಿನ ತಲೆ ಸಿಡಿಯುವುದಕ್ಕೆ ಸ್ಪೇನ್‌ನಲ್ಲಿ ‘ರೆಸಾಕಾ’ (ದಡಕ್ಕೆ ಬಡಿದು ಹಿಂದೆ ಸರಿಯುವ ಅಲೆ), ಮೆಕ್ಸಿಕೊದಲ್ಲಿ ‘ಕ್ರೂದಾ’ (ಹಸಿ), ಕೊಲಂಬಿಯಾದಲ್ಲಿ ‘ಗ್ವಾಯಾಬೋ’ (ಸೀಬೆ ಮರ), ವೆನೆಜುವೆಲಾದಲ್ಲಿ ‘ರತೋನ್’ (ಇಲಿ), ಈಕ್ವೆಡಾರ್‌ನಲ್ಲಿ ‘ಚುಚಾಕಿ’.

ಪ್ರೀತಿಯ ಮಾತೋ, ನಿಂದನೆಯೋ? ನಿಷೇಧಕ್ಕೆ ಒಳಗಾದ ಇಬ್ಬರು ಆಟಗಾರರು

‘ನೆಗ್ರೋ’ ಎಂದರೆ ಸ್ಪ್ಯಾನಿಶ್‌ನಲ್ಲಿ ಕಪ್ಪು ಬಣ್ಣ. ಉರುಗ್ವೆ, ಅರ್ಜೆಂಟೀನಾಗಳಲ್ಲಿ ಗೆಳೆಯರು, ಗಂಡ ಹೆಂಡತಿ, ಅಣ್ಣ ತಮ್ಮಂದಿರು ಮೈಬಣ್ಣ ಯಾವುದೇ ಇರಲಿ, ಒಬ್ಬರನ್ನೊಬ್ಬರು ‘ನೆಗ್ರೋ’, ‘ನೆಗ್ರೀತೋ’ ಎಂದು ಸಲುಗೆಯಿಂದ ಕರೆಯುವುದುಂಟು. ಅರ್ಜೆಂಟೀನಾದ ಮಹಾನ್ ಗಾಯಕಿ ಮೆರ್ಸೇದೆಸ್ ಸೋಸಾ ಅವರನ್ನು ಜನ ಪ್ರೀತಿಯಿಂದ ‘ಲಾ ನೆಗ್ರಾ’ ಎನ್ನುತ್ತಿದ್ದರು.

2020ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಪರ ಆಡುತ್ತಿದ್ದ ಉರುಗ್ವೆಯ ಎದಿನ್‌ಸನ್ ಕವಾನಿ, ಅಭಿನಂದಿಸಿದ ಗೆಳೆಯನಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ‘ಗ್ರಾಸಿಯಾಸ್ ನೆಗ್ರೀತೋ’ ಎಂದು ಧನ್ಯವಾದ ಹೇಳಿದರು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಅವರಿಗೆ 3 ಪಂದ್ಯಗಳ ನಿಷೇಧ, 1 ಲಕ್ಷ ಪೌಂಡ್ ದಂಡ ವಿಧಿಸಿತು. ಕವಾನಿ ಕ್ಷಮೆ ಕೇಳಿದರು. ಉರುಗ್ವೆಯ ಭಾಷಾ ಅಕಾಡೆಮಿ ಮಾತ್ರ ಈ ತೀರ್ಪು ತನ್ನ ಜನರ ಭಾಷೆಯನ್ನು ಅರಿಯದೆ ಕೊಟ್ಟದ್ದು ಎಂದು ಬಹಿರಂಗವಾಗಿ ಖಂಡಿಸಿತು.

ಇದಕ್ಕೂ ಮೊದಲು 2011ರಲ್ಲಿ ಉರುಗ್ವೆಯವರೇ ಆದ ಲೂಯಿಸ್ ಸುವಾರೆಸ್, ಎದುರಾಳಿ ತಂಡದ ಕಪ್ಪುವರ್ಣೀಯ ಆಟಗಾರ ಪ್ಯಾಟ್ರಿಸ್ ಎವ್ರಾ ಅವರಿಗೆ ಪಂದ್ಯದ ನಡುವಿನ ಜಗಳದಲ್ಲಿ ಇದೇ ಪದ ಬಳಸಿದರು. ನಮ್ಮೂರಿನಲ್ಲಿ ಇದು ಸಾಮಾನ್ಯ ಮಾತು ಎಂಬುದು ಅವರ ಸಮರ್ಥನೆ. ವಿಚಾರಣಾ ಮಂಡಳಿ ಭಾಷಾತಜ್ಞರ ಅಭಿಪ್ರಾಯ ಪಡೆಯಿತು. ಸ್ನೇಹದಲ್ಲಿ ಆಡಿದರೆ ನಿಂದನೆಯಲ್ಲದ ಪದ, ಜಗಳದಲ್ಲಿ ಆಡಿದರೆ ಉರುಗ್ವೆಯಲ್ಲೂ ನಿಂದನೆಯೇ ಆಗಬಲ್ಲದು ಎಂಬುದು ಅದರ ಸಾರ. ಅವರಿಗೆ ಸಿಕ್ಕಿದ್ದು 8 ಪಂದ್ಯಗಳ ನಿಷೇಧ, 40 ಸಾವಿರ ಪೌಂಡ್ ದಂಡ.

ಎರಡೂ ಪ್ರಕರಣಗಳಲ್ಲಿ ಪದ ಒಂದೇ, ಸಂದರ್ಭ ಬೇರೆ. ಗೆಳೆಯನಿಗೆ ಹೇಳಿದ ಥ್ಯಾಂಕ್ಸ್ ಅನ್ನೂ, ಎದುರಾಳಿಗೆ ಜಗಳದಲ್ಲಿ ಹೇಳಿದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹಾಗೆಂದು ‘ಅಲ್ಲಿ ಅದು ಬರೀ ಪ್ರೀತಿಯ ಮಾತು’ ಎಂದು ಮುಗಿಸುವುದೂ ತಪ್ಪು. ಅರ್ಜೆಂಟೀನಾದಲ್ಲಿ 1940ರ ದಶಕದಲ್ಲಿ ಒಳನಾಡಿನಿಂದ ದುಡಿಯಲು ಬಂದ ಕಂದುಮೈಯ ಬಡವರನ್ನು ‘ಕಬೆಸೀತಾ ನೆಗ್ರಾ’ (ಕರಿತಲೆ) ಎಂದು ಹೀಗಳೆದರು. ಇಂದಿಗೂ ಬಡವರನ್ನು ತುಚ್ಛವಾಗಿ ಕಾಣುವವರ ಬಾಯಲ್ಲಿ ‘ನೆಗ್ರೋ’ ಬೈಗುಳವೇ. ಒಂದೇ ಊರಿನಲ್ಲಿ ಒಂದೇ ಪದ ಒಬ್ಬರಿಗೆ ಮುದ್ದು, ಇನ್ನೊಬ್ಬರಿಗೆ ಗಾಯ. ಹೊರಗಿನವರಾದ ನಾವು ಇದನ್ನು ಬಳಸದಿರುವುದೇ ಸರಿ.

ಫಾರ್ವರ್ಡ್ ಮಾಡುವ ಮುನ್ನ ಹೀಗೆ ಪರೀಕ್ಷಿಸಿ

1. *ಯಾವ ದೇಶದ ಮಾತು?* ಸಂದೇಶದಲ್ಲಿ ದೇಶದ ಹೆಸರಿಲ್ಲದಿದ್ದರೆ ಅರ್ಧ ನಂಬಿಕೆ ಅಲ್ಲೇ ಕಳೆಯಿರಿ.

2. *ನಿಘಂಟು ನೋಡಿ.* ರಾಯಲ್ ಸ್ಪ್ಯಾನಿಶ್ ಅಕಾಡೆಮಿಯ ನಿಘಂಟು, ಮೇಲೆ ಹೇಳಿದ ಅಮೆರಿಕ ಖಂಡದ ಪದಗಳ ನಿಘಂಟು ಎರಡೂ ಅಂತರ್ಜಾಲದಲ್ಲಿ ಉಚಿತ. ಪ್ರತಿ ಅರ್ಥದ ಮುಂದೆ ದೇಶದ ಹೆಸರು ಚುಟುಕಾಗಿ ಇರುತ್ತದೆ. ಜೊತೆಗೆ ‘ಕೊಲೊಕ್.’ ಎಂದಿದ್ದರೆ ಆಡುಮಾತು, ‘ಮಾಲ್‌ಸೋನ್.’ ಎಂದಿದ್ದರೆ ಅಸಭ್ಯ, ‘ದೆಸ್ಪೆಕ್ತ್.’ ಎಂದಿದ್ದರೆ ಹೀನಾಯ.

3. *ಪದದ ಹುಟ್ಟಿನ ಕಥೆ ತೀರಾ ಚೆಂದವಾಗಿದೆಯೇ?* ‘ಸೈನಿಕರು ಹೀಗೆ ಕೂಗಿದರು, ಪದ ಹುಟ್ಟಿತು’ ಎಂಬಂಥ ಕಥೆಗಳನ್ನು ಅನುಮಾನಿಸಿ. ಆ ಘಟನೆಗೆ ಮೊದಲೇ ಪದ ಅಚ್ಚಾಗಿತ್ತೇ ಎಂದು ನೋಡಿದರೆ ಸಾಕು, ಎಷ್ಟೋ ಕಥೆಗಳು ಬಿದ್ದುಹೋಗುತ್ತವೆ.

4. *ಅನುವಾದದ ಆ್ಯಪ್ ಒಂದನ್ನೇ ನಂಬಬೇಡಿ.* ಅದು ಪದಶಃ ಅರ್ಥ ಹೇಳಬಹುದು. ಯಾರು ಯಾರಿಗೆ, ಯಾವ ದನಿಯಲ್ಲಿ ಹೇಳಿದರು ಎಂಬುದು ಅದಕ್ಕೆ ಗೊತ್ತಿರುವುದಿಲ್ಲ.

5. *ತಿಳಿದಿರುವುದು ಬೇರೆ, ಆಡುವುದು ಬೇರೆ.* ಕೆಲಸಕ್ಕೋ ಓದಿಗೋ ಆ ದೇಶಗಳಿಗೆ ಹೋಗುವವರು, ಅಲ್ಲಿನ ಗ್ರಾಹಕರೊಂದಿಗೆ ಫೋನಿನಲ್ಲಿ ಮಾತಾಡುವವರು ಆಡುಮಾತು ಅರ್ಥವಾಗುವಷ್ಟು ಕಲಿಯಿರಿ. ಮಾತಾಡುವಾಗ ಎಲ್ಲ ಕಡೆ ಸಲ್ಲುವ ಸರಳ ಸ್ಪ್ಯಾನಿಶ್ ಬಳಸಿ, ಹೊಸಬರಿಗೆ ‘ಉಸ್ತೇದ್’ ಎನ್ನಿ. ಸಲುಗೆಯ ಪದಗಳು ಸಲುಗೆ ಬೆಳೆದ ಮೇಲೆ ತಾವಾಗಿ ಬರುತ್ತವೆ.

ಮುಂದಿನ ಬಾರಿ “ಸ್ಪ್ಯಾನಿಶ್‌ನಲ್ಲಿ ಹೀಗಂತಾರೆ ಗೊತ್ತಾ?” ಎಂಬ ಸಂದೇಶ ಬಂದಾಗ ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: “ಯಾವೂರ ಸ್ಪ್ಯಾನಿಶ್?”